ಕಾರಖಾನಿ ಗೇಟಿನ ಮುಂದ

…ಅಲ್ಲ ತಮ್ಮಾ, ಸಕ್ಕರಿ ಕಾರಖಾನಿ ಅಲ್ಲ, ಕಬ್ಬು ಹಿಂಡೋ ಗಾಣ ಮಾಡೋ ಕಾರಖಾನಿ. ಇಲ್ಲೇ ಆಳಂದದಾಗ. ಕರಜಗಿ ಕಡಿಯವ್ರೆಲ್ಲ ಅಲ್ಲಿಂದನೇ ಗಾಣ ಒಯ್ತಿದ್ರು. ಭಾಳ ಹಳೀದು, ನಿಜಾಮನ ಕಾಲದ್ದು. ನಾ ಕಬ್ಬಿಣ ಎರಕ ಹೊಯ್ಯೋ ಅಚ್ಚಿನ ಉಸುಕು ಸಾಣಸ್ತಿದ್ದೆ, ನಿಮ್ಮ ಮುತ್ಯಾ, ನಮ್ಮ ಮನಿಯವ್ರು, ಲೇಥ್ ಮಷಿನ್ ಮ್ಯಾಲೆ. ಒಂದಿನ ಮುಂಜಾನಿ ಹೋದ್ರ ಗೇಟಿಗಿ ಕೀಲಿ. ಮಾಲಕ ಸೊಲ್ಲಾಪುರದಾಗ ಕುಂತು ‘ಬಂದ್’ ಅಂತ ಹೇಳಿ ಕಳಿಸ್ಯಾನ. ನಾವು ಹೆಣ್ಣಮಕ್ಕಳು, ಏನೋ ಸೂಟಿ ಕೊಟ್ಟಾರ ಅಂತ ತಿಳಕೊಂಡೇವಿ, ಹುಚ್ಚರು! ಆಮ್ಯಾಲೆ ತಿಳೀತು, ಮಷಿನ್ ಎಲ್ಲಾ ಮಾರಿಬಿಟ್ಟಾನ. ಮಷಿನ್ ಹೋದ್ರ ಮುಗೀತಲ್ಲ, ಕೆಲಸ ಎಲ್ಲಿಂದ ಬರಬೇಕು? ಎಲ್ಲಾರೂ ಗೇಟಿಗೇ ಕುಂತ್ರು, ರೊಟ್ಟಿ ಅಲ್ಲೇ, ಮಕ್ಕಳು ಅಲ್ಲೇ.

ಒಂದು ಮಧ್ಯಾಹ್ನ, ಬಿಸಲಂದ್ರ ಬಿಸಲು, ಪೊಲೀಸ್ರು ನಮ್ಮನ್ನ ದಬ್ಬಿ ಒಳಗ ಲಾರಿ ಬಿಟ್ರು. ಮಷಿನ್ ಹೇರಕೊಂಡು ಹೊರಗ ಬರಾಕತ್ತಿತ್ತು, ಆವಾಗ ನಮ್ಮ ಚೌಕಿದಾರ ಮೌಲಾಸಾಬ ಹೋಗಿ ಗೇಟಿಗಿ ಅಡ್ಡ ಮಲಕೊಂಡ. ‘ನನ್ನ ಮ್ಯಾಲೆ ಒಯ್ರಿ!’ ಅಂದ. ಪೊಲೀಸ್ರು ಲಾಠಿ ತಗೊಂಡ್ರು, ನಮ್ಮವ್ರು ಕಲ್ಲು ತಗೊಂಡ್ರು. ಒಂದು ಕಲ್ಲು ಲಾರಿ ಗ್ಲಾಸಿಗಿ ಬಡೀತು, ಡ್ರೈವರ್ ಹೆದರಿ ಒಮ್ಮೆಲೆ ಗಾಡಿ ಬಿಟ್ಟುಬಿಟ್ಟ ನೋಡ್ರಿ, ಗಾಲಿ ಮೌಲಾಸಾಬನ ತೊಡಿ ಮ್ಯಾಲೆ ಹಾದುಹೋಯ್ತು. ಒಣಗಿದ ಕಬ್ಬು ಮುರದಂಗ ಸಪ್ಪಳ ಆತು. ಯವ್ವಾ, ಆ ಸಪ್ಪಳ!

ಡ್ರೈವರನ್ನ ಕೂದಲ ಹಿಡದು ಎಳದ್ರು. ಬಾಯಾಗ, ಮೂಗಿನ್ಯಾಗ ರಕ್ತ. ‘ಯಪ್ಪಾ, ನಾ ಯಡ್ರಾಮಿಯವ, ಬಾಡಗಿ ಹೊಡ್ಯಾಕ ಬಂದೀನ್ರೀ’ ಅಂತ ಕೈ ಮುಗೀತಾನ. ಯಾರು ಕೇಳ್ತಾರ? ನೋಡ್ತೇನಿ, ನಿಮ್ಮ ಮುತ್ಯಾ ಬರಾಕತ್ತಾರ, ಕೈಯಾಗ ಕಬ್ಬಿಣದ ಸರಳು. ಆ ಕಣ್ಣು ನಮ್ಮ ಮನಿಯವ್ರವಲ್ಲ. ‘ಸರಿಯಲೇ ಎಲ್ಲಾರೂ! ಇವನ ತಲಿ ಒಡೀತೇನಿ!’ ನಾ ಹೋಗಿ ಆ ಡ್ರೈವರನ ಮ್ಯಾಲೆ ಬಿದ್ದೆ. ಸರಳು ಆಗಲೇ ಎತ್ತಿದ್ರು, ನನ್ನ ರಟ್ಟಿಗಿ ಬಿತ್ತು. ‘ಸರಿ ಬೇ, ಸಾಯ್ತಿ!’ ಅಂದ್ರು. ‘ಹೊಡೀರಿ, ಇನ್ನೊಂದು ಹೊಡೀರಿ! ಇವನ ಹೇಣ್ತಿನೂ ರೊಟ್ಟಿ ಬಡದು ದಾರಿ ಕಾಯಾಕತ್ತಿರತಾಳ’ ಅಂದೆ. ಸರಳು ಒಗದು ಅಲ್ಲೇ ನೆಲಕ್ಕ ಕುಂತು ಅತ್ರು ನಿಮ್ಮ ಮುತ್ಯಾ. ಅಷ್ಟರಾಗ ಲಾಠಿ ಬಿದ್ದೇ ಬಿತ್ತು, ಅಳೋವ್ರಿಗೂ ಬಿತ್ತು, ಬಿದ್ದವ್ರಿಗೂ ಬಿತ್ತು.

ಮೌಲಾಸಾಬನ ಜೀವ ದವಾಖಾನ್ಯಾಗ ಹೋಗಿಬಿಡ್ತು. ಮಷಿನ್ನೂ ಹೋದ್ವು. ನಿಮ್ಮ ಮುತ್ಯಾ ಜೇವರ್ಗಿ ಬಜಾರದಾಗ ಚೀಲ ಹೊತ್ರು, ನಾ ಮುರದ ಕೈಲೇ ಕಳೆ ತಗದೆ. ಮಾಲಕಗ? ಒಂದು ಸಣ್ಣ ಕಲ್ಲಿನ ಹಳ್ಳೂ ಬಡೀಲಿಲ್ಲ ತಮ್ಮಾ, ಅಂವ ಅವತ್ತ ಆಳಂದಕ್ಕೇ ಬಂದಿದ್ದಿಲ್ಲ. ಅದಕ್ಕ ಹೇಳ್ತೇನಿ, ನಾಯಿ ಬಡದ ಕಲ್ಲು ಕಚ್ಚತದ, ಒಗದವನ್ನ ನೋಡಂಗಿಲ್ಲ. ನೀವು ಒಗದವನ್ನ ನೋಡ್ರಿ.