ಮೂವತ್ತಾರು ಡಿಗ್ರಿ ಸಮುದ್ರ

…ಚಾ ಬ್ಯಾಡ್ರಿ ನಾಹಿದಾಕ್ಕಾ, ನಾ ಕುಂದ್ರಾಕ ಬಂದಿಲ್ಲ. ಈ ಕಾಗದದ ಮ್ಯಾಲ ನಿಮ್ಮದೊಂದು ಸಹಿ ಬಿತ್ತಂದ್ರ ಎದ್ದು ಹೋಗ್ತೇನಿ. ಬರೂ ಸೋಮವಾರ ಮತ್ತ ಹಡಗು ಹತ್ತಬೇಕು ನಾನು. ಓದಿದ್ರಿಲ್ಲ? ನಾಕ ಸಾಲು ಅಷ್ಟ, ನೀವ ಹೇಳಿದಂಗ ಬರದೈತಿ. ನನ್ನ ತಮ್ಮ ಇಕ್ಬಾಲಗ ಸಣ್ಣಾಂವಿದ್ದಾಗಿಂದ ಚಕ್ಕರ್ ಬರ್ತಿದ್ವು, ನೌಕರಿ ಸಲುವಾಗಿ ಅದನ್ನ ಮುಚ್ಚಿಟ್ಟಿದ್ದ, ಎಂಜಿನ್ ರೂಮಿನ್ಯಾಗ ಆಂವ ತೀರಿಕೊಂಡಿದ್ರಾಗ ಹಡಗಿನವರ ತಪ್ಪಿಲ್ಲ… ಇಷ್ಟ. ಓದಿದ ಮ್ಯಾಲೂ ಯಾಕ ಹಂಗ ನೋಡಾಕತ್ತೀರಿ?

ತಲಿ ಅಲ್ಲಾಡಿಸಬ್ಯಾಡ್ರಿ. ಚಕ್ಕರ್ ಎಲ್ಲಾರಿಗೂ ಬರ್ತಾವ. ರಂಜಾನದಾಗ ರೋಜಾ ಹಿಡದಾಗ ಒಂದಿನಾನೂ ಅವಂಗ ಕಣ್ಣಿಗೆ ಕತ್ತಲಿ ಬಂದಿಲ್ಲೇನು? ಹಾಂ… ಬಂದಿರ್ತೈತಿ. ಅದನ್ನ ಬರದೇವಿ, ಸುಳ್ಳೇನ ಬರದಿಲ್ಲ.

ಅವನ ಮ್ಯಾಲ ನನಗೂ ಜೀವ ಇತ್ರಿ. ಹಳೇ ಹುಬ್ಬಳ್ಳ್ಯಾಗ ಗ್ಯಾರೇಜಿನ್ಯಾಗ ಡೀಸೆಲ್ ಪಂಪ್ ಬಿಚ್ಚಿಕೋತ ಕುಂತಾವನ್ನ "ನಡಿ, ಸಮುದ್ರ ತೋರಸ್ತೇನಿ" ಅಂತ ಕರಕೊಂಡು ಹೋದಾಂವ ನಾನ ಅಲ್ಲ? ಸೆಕೆಂಡ್ ಎಂಜಿನಿಯರ್ ಶಶಿಕುಮಾರ, ಅಂದ್ರ ನಾ, ಹೇಳೇನಂತ ಕಂಪನಿಯವರು ಅವನ್ನ ಫಿಟರ್ ಅಂತ ತೊಗೊಂಡ್ರು. ಇಲ್ಲಂದ್ರ ಮೂವತ್ತೊಂದು ವರ್ಷದಾಂವ ಇನ್ನೂ ಅದ ಗ್ಯಾರೇಜಿನ್ಯಾಗ ಕೈ ಕರ್ರಗ ಮಾಡ್ಕೊಂಡು ಕುಂತಿರ್ತಿದ್ದ.

…ಹೌದ್ರಿ, ಕುಂತಿರ್ತಿದ್ದ. ಜೀವಂತ ಇರ್ತಿದ್ದ ಅಂತ ನಿಮ್ಮ ಮಾರಿ ಹೇಳಾಕತ್ತೈತಿ. ತಿಳೀತು.

ನೀವು ವಿದ್ಯಾನಗರದ ಸಾಲ್ಯಾಗ ವಿಜ್ಞಾನ ಕಲಸ್ತೀರಿ. ಭೂಮಿ ಬಿಸಿ ಆಗಾಕತ್ತೈತಿ, ಸಮುದ್ರ ಬಿಸಿ ಆಗಾಕತ್ತೈತಿ ಅಂತ ಬೋರ್ಡಿನ ಮ್ಯಾಲ ಬರೀತೀರಿ, ಗಂಟಿ ಹೊಡದಕೂಡ್ಲೆ ಒರಸ್ತೀರಿ. ನಾವು ಆ ನೀರಿನ ಮ್ಯಾಲ ಹೋಗೂ ಮಂದಿ. ಹಡಗಿನ ಎಂಜಿನ್ ತಣ್ಣಗಾಗೂದು ಸಮುದ್ರದ ನೀರಿಲೆ. ನೀರು ಹೆಚ್ಚಂದ್ರ ಮೂವತ್ತೆರಡು ಡಿಗ್ರಿ ಇರತೈತಿ ಅಂತ ತಿಳದು ಕಟ್ಟ್ಯಾರ ಅದನ್ನ. ಆ ದಿನ ಕೊಲ್ಲಿ ಒಳಗ ನೀರು ಮೂವತ್ತಾರು. ಬಿಸಿ ಮಾಡಿದವರು ಯಾರಂತೀರೇನು? ನಾವೂ ಅದೇವಿ ಅದರಾಗ. ದಿನಕ್ಕ ಮೂವತ್ತು ಟನ್ ಎಣ್ಣಿ ಸುಡತೈತಿ ನಮ್ಮ ಹಡಗು. ಸುಡಲಿಲ್ಲಂದ್ರ ನಿಮ್ಮ ಮನ್ಯಾಗ ಆ ಫ್ಯಾನ್ ಎಲ್ಲಿಂದ ಬರತೈತ್ರಿ, ಆ ಮೊಬೈಲ್?

ಈಗ ಹಡಗಿನ ಹೊಗಿ ನೋಡಿ ವರ್ಷಕ್ಕೊಮ್ಮೆ ಗ್ರೇಡ್ ಕೊಡ್ತಾರ, ನಿಮ್ಮ ಹುಡುಗರಿಗೆ ಕೊಟ್ಟಂಗ. ಗ್ರೇಡ್ ಛಲೋ ಬರ್ಲಿ ಅಂತ ಕಂಪನಿಯವರು ಅರ್ಧ ದಾರಿ ನಮ್ಮನ್ನ ಮೆಲ್ಲಕ ನಡಸಿದ್ರು. ಆಮ್ಯಾಲ ಬಂದರದಿಂದ ಸುದ್ದಿ ಬಂತು, ಸಂಜಿ ನಾಕರೊಳಗ ಬರ್ರಿ, ಇಲ್ಲಂದ್ರ ಪಾಳಿ ಹೋತು, ಇಪ್ಪತ್ತು ದಿನ ಹೊರಗ ಲಂಗರು ಹಾಕ್ಕೊಂಡು ನಿಂದರ್ರಿ ಅಂತ. ಓಡಸ್ರಿ ಅಂದ್ರು. ಓಡಸಿದ್ವಿ. ಪಾಳಿ ತಪ್ಪಿದ್ರ ಯಾರ ಹೆಸರು ಹೇಳ್ತಿದ್ರು? ನನ್ನದು. ಚೀಫ್ ಎಂಜಿನಿಯರ್ ಮಾಡೂ ಕಾಗದ ನನ್ನ ಹೆಸರಿಗೆ ತಯಾರಾಗಿತ್ತು.

ಬಿಸಿ ನೀರಿನ್ಯಾಗ ಜೆಲ್ಲಿ ಮೀನು ಹಿಂಡ ಹಿಂಡ ಬರ್ತಾವ್ರಿ. ನೀರು ಒಳಗ ಎಳಕೊಳ್ಳೂ ಜಾಳಗಿಗೆ ಲೋಳಿ ಲೋಳಿ ಮೆತ್ತಕೋತಾವ. ಜಾಳಗಿ ಕಟ್ಟಿತಂದ್ರ ಎಂಜಿನ್ ಕೆಂಡ ಆಗತೈತಿ. ಎಂಜಿನ್ ರೂಮಿನ ತಳಕ್ಕ ಇಳದು ಬಿಚ್ಚಬೇಕು, ಕೈಲೆ ಬಳದು ತಗೀಬೇಕು, ಮತ್ತ ಹಾಕಬೇಕು. ಎರಡು ಜಾಳಗಿ, ಒಂದು ತೊಳಿಯೂದ್ರಾಗ ಇನ್ನೊಂದು ಕಟ್ಟತಿತ್ತು. ಆ ತಳದಾಗ ಐವತ್ನಾಕು ಡಿಗ್ರಿ.

ಇಕ್ಬಾಲ ತಾನಾಗೇ ಇಳದ. "ನಾ ಹೋಗ್ತೇನ್ರಿ ಸಾಹೇಬ್ರ" ಅಂದ. ಹತ್ತ ನಿಮಿಷದಾಗ ಬಿದ್ದ. ಎದ್ಯಾಗೇನೋ ಆತು, ಮುಗೀತು. ನೋವಿಲ್ಲ, ಏನಿಲ್ಲ. ನಿಮ್ಮವ್ವಗೂ ಹಂಗ ಹೇಳೇನಿ, ಮಕ್ತುಮಬಿ ಅವ್ವ, ನಿದ್ದಿ ಹತ್ತಿದಂಗ ಹ್ವಾದ ನಿಮ್ಮ ಮಗಾ ಅಂತ. ಒಳಗ ಮಲಗ್ಯಾರಲ್ಲ, ಎಬ್ಬಸಬ್ಯಾಡ್ರಿ. ಅವನ್ನ ತಂದ ಪೆಟ್ಟಿಗಿ ತೆರೀಬ್ಯಾಡ್ರಿ ಅಂತನೂ ಹೇಳಿದ್ನಿ ನಿಮಗ. ಕೇಳಲಿಲ್ಲ ನೀವು. ತೆರದು ನೋಡಿ, ತುಟಿ ಯಾಕ ಹಂಗ ಒಡದಾವ ಅಂತ ಎಲ್ಲಾರ ಮುಂದ ಕೇಳಿದ್ರಿ. ಈಗ್ಯಾಕ ಏನೂ ಕೇಳವಲ್ರಿ?

ಕೇಳ್ರಿ. ಅಳೂದಾದ್ರ ಅಳ್ರಿ. ಅಳತಾರ, ಬೈತಾರ ಅಂತ ತಯಾರಾಗೇ ಬಂದೇನಿ. ಇದೇನಿದು, ಗ್ವಾಡಿ ಮುಂದ ಕುಂತು ಮಾತಾಡಿದಂಗ ಆಗೈತಿ ನನಗ.

ಹತ್ತ ನಿಮಿಷಂದ್ರ… ಒಂದು ಜಾಳಗಿಗೆ ಹತ್ತ ನಿಮಿಷ. ಆರು ಸಲ ಬಿಚ್ಚಿದ, ಆರು ಸಲ ಹಾಕಿದ. ಕಾಲು ತಾಸಿಗೊಮ್ಮೆ ಆಳು ಬದಲ ಮಾಡಿ ಇಳಸಬೇಕು, ಅದ ನಿಯಮ. ಖರೇ. ಆದ್ರ ಅವನಷ್ಟು ಲಗೂ ಬಿಚ್ಚಾವರು ಯಾರಿದ್ರು? ಉಳದವರು ಇಳದ್ರ ಅರ್ಧ ತಾಸು ಹಿಡೀತಿತ್ತು. ಕೈ ಛಲೋ ಇತ್ತಂತ ಅವನ್ನ ಅಲ್ಲೇ ಇಟ್ನಿ. ಕೆಲಸಾ ಬರದಾಂವ ಆಗಿದ್ರ ಬದಕತಿದ್ದ ನೋಡ್ರಿ.

ನಾ ಮ್ಯಾಲ ಕಂಟ್ರೋಲ್ ರೂಮಿನ್ಯಾಗ ಇದ್ನಿ. ಹೌದು, ಅಲ್ಲೆ ಏಸಿ ಇತ್ತು. ಮಶೀನಿಗೆ ಬೇಕಂತ ಹಾಕಿರ್ತಾರ, ನನ್ನ ಸಲುವಾಗಿ ಅಲ್ಲ. ಅಲ್ಲಿಂದ ಅವಂಗ ಫೋನಿನ್ಯಾಗ ಹೇಳತಿದ್ನಿ, ಎಡಗಡೀದು ತಗಿ, ಬಲಗಡೀದು ಹಾಕು…

ಫೋನ್ ಅಂದಕೂಡ್ಲೆ ಕಣ್ಣು ಎತ್ತಿದ್ರಿ. ತಳದಾಗ ಒಂದು ಫೋನ್ ಇರತೈತ್ರಿ, ಮ್ಯಾಲಿನವರ ಜೋಡಿ ಮಾತಾಡಾಕ. ಅವನೂ ಮಾಡತಿದ್ದ. ಒಂದ ಸಲ "ಸಾಹೇಬ್ರ, ಕೈ ಮರಗಟ್ಟ್ಯಾವ" ಅಂದ. ನೀರು ಕುಡಿ ಅಂದ್ನಿ. ಎರಡನೇ ಸಲ "ಬೆವರು ಬರೂದು ನಿಂತೈತ್ರಿ" ಅಂದ. ಅಂದ್ರ ಮೈ ಒಳಗ ಬೇಯಾಕತ್ತೈತಿ ಅಂತ ಅರ್ಥ, ನಿಮಗ ಗೊತ್ತೈತಿ, ವಿಜ್ಞಾನದವರು. ನನಗೂ ಗೊತ್ತಿತ್ತು.

ಬೈರಿ ಅಕ್ಕಾರ. ಎದ್ದು ಎರಡು ಹೊಡೀರಿ ಬೇಕಾದ್ರ.

ಮೂರನೇ ಸಲ ಮಾಡಿದಾಗ ಮೂರೂ ಕಾಲು ಆಗಿತ್ತು. ಬಂದರದ ಕ್ರೇನ್ ಕಾಣಾಕತ್ತಿದ್ವು. "ಐದ ನಿಮಿಷ ಮ್ಯಾಲ ಬರ್ತೇನ್ರಿ, ಗಾಳಿಗೆ" ಅಂದ. ಮಾತು ತೊದಲಾಕತ್ತಿತ್ತು. ನಾ ಅಂದ್ನಿ, "ಮೆಟ್ಟಲಾ ಹತ್ತಿದೆಂದ್ರ ಇಲ್ಲೇ ಇಳಿಸಿ ಹುಬ್ಬಳ್ಳಿಗೆ ಕಳಸ್ತೇನಿ. ಹೋಗಿ ನಿಮ್ಮಕ್ಕಗ ಏನ ಹೇಳ್ತಿ ಹೇಳಕೋ." ನಿಮ್ಮ ಹೆಸರು ತಗದ್ರ ಆಂವ ಎದುರು ಮಾತಾಡೂದಿಲ್ಲಂತ ಗೊತ್ತಿತ್ತು ನನಗ.

"ಆತ್ರಿ ಸಾಹೇಬ್ರ" ಅಂದ. ಅಷ್ಟ. ಆಮ್ಯಾಲ ಫೋನ್ ಬರಲಿಲ್ಲ. ನಾಕಕ್ಕ ಹತ್ತ ನಿಮಿಷ ಇದ್ದಾಗ ಬಂದರ ಹೊಕ್ಕಿವಿ. ಕ್ಯಾಪ್ಟನ್ ಬಂದು ಬೆನ್ನು ಚಪ್ಪರಿಸಿದ. ಎಲ್ಲಾ ಮುಗದ ಮ್ಯಾಲ ಯಾರೋ ಕೇಳಿದ್ರು, ಫಿಟರ್ ಎಲ್ಲೆ ಅಂತ.

ಫೋನ್ ಬರಲಾರದ ಆ ಅರ್ಧ ತಾಸು ನನಗ ಏನ ಅನಸ್ತು ಅಂತ… ನೀವೂ ಕೇಳವಲ್ರಿ. ಯಾರೂ ಕೇಳಲಿಲ್ಲ. ಆರಾಮ ಅನಸ್ತ್ರಿ ಅಕ್ಕಾರ. ಕಿರಿಕಿರಿ ತಪ್ಪಿತು, ಇನ್ನ ಸುಮ್ಮ ಕೆಲಸಾ ಮಾಡಾಕತ್ಯಾನ ಅಂತ… ಆರಾಮ ಅನಸ್ತು.