ಬಲಚಕ್ರದ ಬೇರಿಂಗ್

೨೦೦೨ರಲ್ಲಿ ಬಂಟ್ವಾಳದಿಂದ ಉಜಿರೆಗೆ ಹೋಗುವ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಸೈನಬ ಎಂಬವರ ಮಡಿಲಲ್ಲಿ ಭಾರದ ಪೊಟ್ಟಣ. ಪಕ್ಕದಲ್ಲಿ ಕೂತಿದ್ದ ಅವರ ನೆರೆಮನೆಯ ಸೇಸಮ್ಮ ಕೇಳಿದರು:

"ಮನೆಯಲ್ಲಿ ಕಾರು ಉಂಟಲ್ಲ, ಬಸ್ಸು ಯಾಕೆ?"

"ಕಾರಿಗೀಗ ಮೂರೇ ಚಕ್ರ. ಮುಂದಿನ ಎಡದ್ದನ್ನು ನಮ್ಮ ಯಜಮಾನರು ಬಿಚ್ಚಿಟ್ಟಿದ್ದಾರೆ."

"ಹೋದ ವಾರವೇ ಆ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿದ್ರಲ್ಲ?"

"ಹಾಕಿದ್ರು. ಒಂದು ದಿನ ಫ್ರೀಜರಿನಲ್ಲಿ ಇಟ್ಟು ಹಾಕಿದ್ರು. ತಣ್ಣಗಾದ್ರೆ ಕುಗ್ಗಿ ಸಲೀಸಾಗಿ ಕೂತ್ಕೊಳ್ತದಂತೆ."

"ಕೂತಿತಾ?"

"ಕೂತಿತು. ಕಾರು ಓಡುವಾಗ ಬರುವ ಗುಂಯ್ ಶಬ್ದ ಮಾತ್ರ ಹಾಗೇ ಉಂಟು. ಹಾಕಿದ್ದು ಸರಿಯಾಗಲಿಲ್ಲ ಅಂತ ಪುನಃ ಬಿಚ್ಚಿದ್ದಾರೆ. ಹಾಳಾಗಿರುವುದು ಬಲದ್ದು ಮಾರಾಯ್ತಿ."

"ನಿಮಗೆ ಹೇಗೆ ಗೊತ್ತು?"

"ಎಡಕ್ಕೆ ತಿರುಗುವಾಗ ಶಬ್ದ ಜಾಸ್ತಿ. ಅದಕ್ಕೇ ಎಡದ್ದು ಅಂತ ಇವರು. ಈಗ ನೋಡಿ."

ಬಸ್ಸು ಎಡಕ್ಕೆ ತಿರುಗಿತು. ನಾವು ಮೂವರೂ ಬಲಕ್ಕೆ ವಾಲಿದೆವು.

"ಕಾರೂ ಹೀಗೇ. ಭಾರವೆಲ್ಲ ಬಲಚಕ್ರಕ್ಕೆ."

"ಹೌದಲ್ಲ! ಹೇಳ್ಲಿಲ್ವಾ ಅವರಿಗೆ?"

"ಹೇಳಿದೆ. ಗಲ್ಫಿನಲ್ಲಿ ಎಷ್ಟೋ ಕಾರು ನೋಡಿದ್ದೇನೆ, ನಿನಗೆಂತ ಗೊತ್ತು ಅಂದ್ರು."

"ಹಾಗಾದ್ರೆ ಈ ಪೊಟ್ಟಣ?"

"ಬಲದ್ದಕ್ಕೆ ಹೊಸ ಬೇರಿಂಗ್."

"ಬೈಯುದಿಲ್ವಾ?"

"ನಾನು ಕೊಡುದೇ ಇಲ್ಲ. ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಇಡ್ತೇನೆ. ಐಸಿಗೆ ಅಂತ ದಿನಾ ಅವರೇ ಬಾಗಿಲು ತೆಗೆಯುದು."

"ಲಾಯಿಲ, ಲಾಯಿಲ!" ಕಂಡಕ್ಟರ್ ಅವರ ಸ್ಟಾಪಿನ ಹೆಸರು ಕೂಗಿದ. ಸೇಸಮ್ಮ ಏಳುತ್ತಾ ಕೇಳಿದರು:

"ಕಂಡ ಮೇಲೆ ಎಂತ ಹೇಳ್ತಾರೋ?"

"ಎರಡು ದಿನ ಏನೂ ಹೇಳುದಿಲ್ಲ," ಎಂದು ಸೈನಬ ಪೊಟ್ಟಣ ಎತ್ತಿಕೊಂಡರು. "ಮೂರನೇ ದಿನ ಬಂದು, ಹಾಳಾದದ್ದು ಬಲದ್ದು ಅಂತ ನನಗೇ ಕಲಿಸ್ತಾರೆ."