ಎದ್ದು ಹೋಗದವರ ಲೆಕ್ಕ

ಅಯ್ಯೋ, ನಗಬೇಡಿ ಮಾಸ್ಟ್ರೇ! ಬಾಯ್ತುಂಬ ಗುಂಡುಸೂಜಿ ಕಚ್ಕೊಂಡು ಯಾರಾದ್ರೂ ನಗ್ತಾರಾ? ಒಂದು ಗಂಟಲಿಗೆ ಇಳಿದ್ರೆ ನಾಳೆ ನನ್ನ ಗತಿ? ಇರೋದು ನೀವೊಬ್ರು ಭಕ್ತರು! ...ಹೊಲೀರಿ, ಹೊಲೀರಿ. ಕೈ ಅದರ ಪಾಡಿಗೆ ಕೆಲಸ ಮಾಡ್ಲಿ, ಕಿವಿ ಮಾತ್ರ ಈ ಕಡೆ ಕೊಡಿ.

ನಾಳೆ ಹತ್ತು ಗಂಟೆಗೆ ಕೇಂದ್ರ ಕಚೇರಿಯಿಂದ ಸಾಹೇಬ್ರು ಬರ್ತಾರೆ. ಸೀದಾ ನಿಮ್ಮ ಅಂಗಡಿಗೇ. ಬಂದು ಒಂದೇ ಪ್ರಶ್ನೆ ಕೇಳ್ತಾರೆ: ‘ನಮ್ಮ ಸಭೆಯ ಬೋಧನೆಯಿಂದ ತಾವೇನು ಕಲಿತಿರಿ?’ ಹೀಗೆ ಕಣ್ ಕಣ್ ಬಿಟ್ರೆ ಆಗಲ್ಲ. ಏನಾದ್ರೂ ಹೇಳ್ಬೇಕು.

ಗೊತ್ತು, ಗೊತ್ತು. ನಾನೇನೂ ಕಲಿಸಿಲ್ಲ, ಒಪ್ಪಿದೆ. ಒಂಬತ್ತು ವರ್ಷ, ಪ್ರತಿ ಶನಿವಾರ, ಇದೇ ಸ್ಟೂಲು. ಮಾತಾಡಿದ್ದು ಏನು? ನಿಮ್ಮ ಮಂಡಿನೋವು, ನನ್ನ ಪ್ಯಾಂಟಿನ ಸೊಂಟ, ಎದುರುಮನೆ ನಾಯಿ. ದೇವರ ಮಾತು ಒಂದೇ ಒಂದ್ಸಲ ಬಂತು. ಕತ್ತರಿ ಕಾಲ್ಮೇಲೆ ಬಿದ್ದಾಗ ನೀವು ‘ಅಯ್ಯೋ ದೇವ್ರೇ’ ಅಂದ್ರಿ ನೋಡಿ, ಅವತ್ತು. ಅದನ್ನ ವರದೀಲಿ ‘ಮನಸ್ಸು ಕರಗುತ್ತಿದೆ’ ಅನ್ನೋ ಕಾಲಮ್ಮಿಗೆ ಹಾಕ್ದೆ.

ಮತ್ತೆ ನಗು! ಇದು ನಗೋ ವಿಷಯ ಅಲ್ಲ ಮಾಸ್ಟ್ರೇ. ಚೀಟಿ ನೋಡಿ, ಇಲ್ಲಿ. ತಿಂಗಳಿಗೊಂದು. ಪ್ರಚಾರ ಮಾಡಿದ ಗಂಟೆ ಎಷ್ಟು, ತಟ್ಟಿದ ಬಾಗಿಲು ಎಷ್ಟು, ಕೇಳಿದವರು ಎಷ್ಟು. ಸದಸ್ಯರೆಲ್ಲ ಬರೆದು ಕೊಡ್ಬೇಕು, ಕಾರ್ಯದರ್ಶಿ ಅಂತ ನಾನು ಕೂಡಿಸಿ ಕಳಿಸ್ಬೇಕು. ಬಾಗಿಲಿನ ವಿಷಯದಲ್ಲಿ ನಾನು ಸುಳ್ಳೇ ಬರೆದಿಲ್ಲ. ನಮ್ಮನೆ ಬೀರುವಿಗೆ ಎರಡು ಬಾಗಿಲು. ದಿನಾ ಬೆಳಿಗ್ಗೆ ಎರಡನ್ನೂ ತಟ್ಟಿಯೇ ತೆಗೆಯೋದು.

ಕೇಳಿದವರು ಆರು ಜನ ಅಂತ ಇದೆಯಾ? ಅದು ಈ ಅಂಗಡಿದು. ನೀವೊಬ್ರು. ಕೋಟು ಹಾಕಿರೋ ಬೊಂಬೆಗಳು ಮೂರು. ಕನ್ನಡೀಲಿ ನೀವೊಬ್ರು, ನಾನೊಬ್ಬ. ಆಯ್ತಲ್ಲ ಆರು? ಹಾಗೆ ನೋಡಬೇಡಿ! ನಿಯಮ ಪುಸ್ತಕದಲ್ಲೇ ಇದೆ, ಅಚ್ಚಾಗಿದೆ: ‘ಎದ್ದು ಹೋಗದವರೆಲ್ಲರೂ ಕೇಳಿದವರೇ.’ ನಿಮ್ಮ ಬೊಂಬೆ ಯಾವತ್ತಾದ್ರೂ ಎದ್ದು ಹೋಗಿದೆಯಾ? ಹೇಳಿ! ಅಂಥ ಶ್ರದ್ಧೆ ಮನುಷ್ಯರಲ್ಲಿ ಎಲ್ಲಿದೆ?

ಉಳಿದ ಸದಸ್ಯರಾ... ಇದ್ದಾರೆ. ಅಂದ್ರೆ, ಇದ್ರು. ಪೋಸ್ಟ್‌ಮ್ಯಾನ್ ಊರು ಬಿಟ್ಟ. ಬೇಕರಿ ಅಜ್ಜಿ ಲೋಕಾನೇ ಬಿಟ್ರು. ಆದ್ರೂ ಅಜ್ಜಿ ತಿಂಗಳಿಗೆ ಹದಿನೆಂಟು ಗಂಟೆ ಪ್ರಚಾರ ಮಾಡ್ತಾರೆ. ಬದುಕಿದ್ದಾಗ ಎರಡು ಗಂಟೆ ದಾಟಿರಲಿಲ್ಲ, ಪಾಪ. ಈಗ ಕಾಲುನೋವಿಲ್ಲ ನೋಡಿ.

ಆದ್ರೆ ಸಾಹೇಬ್ರು ಬರ್ತಿರೋದು ಅಜ್ಜಿಗೋಸ್ಕರ ಅಲ್ಲ. ನಮ್ಮನೆಯವಳಿಗೋಸ್ಕರ! ಪದಕ ತರ್ತಿದ್ದಾರೆ, ನಾಲ್ಕು ವರ್ಷ ಒಂದು ತಿಂಗಳೂ ತಪ್ಪದೆ ಅರವತ್ತು ಗಂಟೆ ಪ್ರಚಾರ ಮಾಡಿದ್ದಕ್ಕೆ. ಸುತ್ತಮುತ್ತ ಯಾವ ಸಭೇಲೂ ಇಲ್ವಂತೆ ಅಂಥ ಹೆಂಗಸು. ಅದಕ್ಕೇ ನಿಮ್ಮನ್ನ ಬೇಡ್ಕೊಳ್ತಿರೋದು. ‘ಅಮ್ಮಾವ್ರು ಈಗ ತಾನೇ ಪ್ರಚಾರಕ್ಕೆ ಹೊರಟ್ರು, ಒಂದು ನಿಮಿಷ ಮುಂಚೆ ಬಂದಿದ್ರೆ ಸಿಗ್ತಿದ್ರು’ ಅನ್ನಿ. ಅಷ್ಟೇ. ಇಲ್ಲಾಂದ್ರೆ ಸಭೆ ಮುಚ್ಚಿಸ್ತಾರೆ. ಮುದ್ರೆ, ಬೀಗದಕೈ ಎರಡೂ ಕಿತ್ಕೊಂಡು ನನ್ನನ್ನ ಮನೇಲಿ ಕೂರಿಸ್ತಾರೆ. ಆ ಮನೇಲಿ ಕೂತು ನಾನೇನು ಮಾಡ್ಲಿ...

ಹೌದಪ್ಪ, ಚೆನ್ನಾಗಿದ್ದಾಳೆ. ಓಡಾಟ ಜಾಸ್ತಿ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಯಾಕೆ ಮೆಷಿನ್ ನಿಲ್ಲಿಸಿದ್ರಿ? ಸೂಜಿ ಯಾಕೆ ಒಂದೊಂದಾಗಿ ಬಾಯಿಂದ ತೆಗೀತಿದ್ದೀರಿ? ಏನಾದ್ರೂ ಹೇಳೋದಿದ್ರೆ ಹೇಳಿ... ಎಲ್ಲಿಗೆ ಎದ್ರಿ? ಮೇಲಿನ ಶೆಲ್ಫಲ್ಲಿ ಏನಿದೆ?

ಯಾರ ಕೋಟು ಅದು? ...ನೀಲಿ.

ಚೀಟಿ ಇದೆಯಾ ಅದಕ್ಕೆ. ಕೊಡಿ. ಅವಳ ಕೈಬರಹವೇ. ‘ಗುರುವಾರ ಬಂದು ತಗೊಳ್ತೀನಿ.’ ತಾರೀಕೂ ಬರ್ದಿದ್ದಾಳೆ. ನಾಲ್ಕು ವರ್ಷ ಆಯ್ತು, ಅಲ್ವಾ?

ನಿಮಗೆ ಮೊದಲೇ ಗೊತ್ತಿತ್ತು. ಪ್ರತಿ ಶನಿವಾರ ‘ಅಮ್ಮಾವ್ರು ಹೇಗಿದ್ದಾರೆ’ ಅಂತ ಕೇಳ್ತಿದ್ರಿ, ಗೊತ್ತಿದ್ದೂ.

ಏನು ಮಾಡ್ಲಿ ಮಾಸ್ಟ್ರೇ, ಅವಳು ‘ಊಟಕ್ಕೆ ಬನ್ನಿ’ ಅಂದ್ರೂ ನಾನು ಚೀಟೀಲಿ ಪ್ರಚಾರ ಕಾಲು ಗಂಟೆ ಅಂತ ಗುರುತು ಹಾಕ್ತಿದ್ದೆ. ಜ್ವರ ಬಂದು ಮಲಗಿದಾಗ ಪಕ್ಕದಲ್ಲಿ ಕೂತೆ, ‘ರೋಗಿ ಭೇಟಿ, ಎರಡು ಗಂಟೆ.’ ಅದನ್ನ ಅವಳು ಓದಿಬಿಟ್ಲು. ಈ ಗುರುವಾರದ ಹಿಂದಿನ ದಿನ, ಬುಧವಾರ, ಪೆಟ್ಟಿಗೆ ತಗೊಂಡು ಬಾಗಿಲಲ್ಲಿ ನಿಂತು ಒಂದು ಗಂಟೆ ಅತ್ಲು. ನಾನು... ನಾನು ಗಡಿಯಾರ ನೋಡಿದೆ. ಅದನ್ನೂ ಬರ್ದೆ. ‘ಮನೆಬಾಗಿಲಲ್ಲಿ ಚರ್ಚೆ.’

ಅವಳು ಹೋದ್ಮೇಲೆ ಅವಳ ಚೀಟಿ ಖಾಲಿ ಕಳಿಸೋಕೆ ಕೈ ಬರಲಿಲ್ಲ. ಅರವತ್ತು ಅಂತ ಬರೆಯುವಾಗ ಎಲ್ಲೋ ಇಲ್ಲೇ ಓಡಾಡ್ತಿದ್ದಾಳೆ ಅನ್ಸೋದು.

ಸೂಜಿ ಎಲ್ಲ ತೆಗೆದಾಯ್ತಲ್ಲ, ಈಗಾದ್ರೂ ಒಂದು ಮಾತಾಡಿ. ಬೈರಿ ಬೇಕಾದ್ರೆ.

...

ಎಷ್ಟು ಹೊತ್ತಾಯ್ತು ಹೀಗೆ ಕೂತು? ಅರ್ಧ ಗಂಟೆ ಇರಬಹುದಾ? ನೀವು ಎದ್ದು ಹೋಗಲಿಲ್ಲ...

ಇಲ್ಲ, ಬರೆಯಲ್ಲ. ತಗೊಳ್ಳಿ ಪೆನ್ನು, ನಿಮ್ಮ ಹತ್ರಾನೇ ಇರ್ಲಿ. ಆ ಕೋಟು ಮಾತ್ರ ನನಗೆ ಕಟ್ಟಿ ಕೊಡಿ.